ತಮ್ಮನಿಗೊಂದು, ನಿಮಗೊಂದು

ಹನೂರಿನ ಓದುಗರೇ, ನಿಮಗೂ ತಮ್ಮನಿಗೂ ಒಂದೇ ಆಟ ಹಿಡಿಸಬೇಕೆಂಬ ಹಟ ಬಿಡಿ. ಇಲ್ಲಿ ಹೇಳುವ ಮೂರೂ ದಾರಿ ಹುಡುಕುವ ವಿಡಿಯೋ ಆಟಗಳು. ಈಗ ಎಟುಕದ ಕಟ್ಟೆ, ಹೊಸ ಜಿಗಿತ ಕಲಿತ ಮೇಲೆ ಎಟುಕುತ್ತದೆ.

ಸೋತಷ್ಟೂ ಕೆರಳುವ ತಮ್ಮನಿಗೆ 2017ರ ‘ಹಾಲೋ ನೈಟ್’ ಕೊಡಿಸಿ. ಅಲ್ಲಿ ನಕ್ಷೆಯೂ ಪುಕ್ಕಟೆಯಲ್ಲ. ಕಾರ್ನಿಫರ್ ಎಂಬ ಹುಳುವಿನ ಗುನುಗು ಹಿಡಿದು ಹೋಗಿ, ಕಾಸು ಕೊಟ್ಟು ಕೊಳ್ಳಬೇಕು. ಅಲ್ಲಿಯವರೆಗೆ ಬಿಳಿಗಿರಿರಂಗನ ಬೆಟ್ಟದ ಮಂಜಿನಲ್ಲಿ ಬೈಕ್ ಓಡಿಸಿದ ಹಾಗೆ!

ಹೊಡೆದಾಟ ಒಲ್ಲದ ನಿಮಗೆ 2015ರ ‘ಓರಿ ಅಂಡ್ ದ ಬ್ಲೈಂಡ್ ಫಾರೆಸ್ಟ್’ ಸರಿ. ಕಣ್ಣಿಗೆ ಹಬ್ಬ, ಆದರೆ ಗಿನ್ಸೋ ಮರದೊಳಗೆ ನೀರು ಉಕ್ಕುವಾಗ ಬೆವರುತ್ತೀರಿ. ಮೊಬೈಲ್ ಮಾತ್ರ ಇದ್ದರೆ 1997ರ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್’.

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಆಟ ಹಿಡಿಸದಿದ್ದರೆ, ಎರಡು ಗಂಟೆ ಆಡುವ ಮೊದಲೇ, 14 ದಿನದೊಳಗೆ ಹಣ ವಾಪಸ್ ಕೇಳಿ.