ಹಪ್ಪಳದ ಪೊಟ್ಟಣದಲ್ಲೊಂದು ಪಾಠ

ಹಪ್ಪಳ ಇಷ್ಟಪಡದ ಮಕ್ಕಳು ಅಪರೂಪ. ಹೊರದೇಶಗಳ ಭಾರತೀಯ ಅಂಗಡಿಗಳಲ್ಲೂ ಸಿಗುವ ‘ಲಿಜ್ಜತ್’ ಪೊಟ್ಟಣವನ್ನು ನೀವು ನೋಡಿಯೇ ಇರುತ್ತೀರಿ. ಬೆಳೆಯುತ್ತಿರುವ ದೇಶಗಳಲ್ಲಿ ಮಹಿಳೆಯರ ಉದ್ಯಮ ಗೆಲ್ಲಲು ಯಾವ ಅಂಶಗಳು ನೆರವಾಗುತ್ತವೆ, ಯಾವುವು ಅಡ್ಡ ಬರುತ್ತವೆ ಎಂದು ಕಲಿಯಲು ಆ ಪೊಟ್ಟಣವೇ ಸಾಕು.

1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು ತಾವಿದ್ದ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಬಂಡವಾಳ 80 ರೂಪಾಯಿ, ಅದೂ ಸಾಲ. ಕೊಟ್ಟವರು ಸಮಾಜಸೇವಕ ಛಗನ್‌ಲಾಲ್ ಪಾರೇಖ್. ಮೊದಲ ದಿನ ತಯಾರಾದದ್ದು ನಾಲ್ಕೇ ಪೊಟ್ಟಣ! ಮೊದಲ ವರ್ಷದ ವ್ಯಾಪಾರ 6,196 ರೂಪಾಯಿ.

ಆ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಅವರು ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ! ಯಾವ ಇಂಜಿನಿಯರೂ ಹೇಳಿಕೊಟ್ಟದ್ದಲ್ಲ. ಕಡಿಮೆ ಬೆಲೆಗೆ ಎರಡನೆಯ ದರ್ಜೆಯ ಹಪ್ಪಳವನ್ನೂ ಮಾಡಲು ಹೊರಟಾಗ ಪಾರೇಖ್ ಅವರು, ಒಂದೇ ದರ್ಜೆ ಇರಲಿ, ಗುಣಮಟ್ಟ ಕೆಡದಿರಲಿ ಎಂದು ಸಲಹೆ ಕೊಟ್ಟರು.

ಆದರೆ ಗೆಲುವಿನ ಗುಟ್ಟು ಕೆಲಸದ ಏರ್ಪಾಡಿನಲ್ಲಿದೆ ಎಂದು ನನಗನ್ನಿಸುತ್ತದೆ. ಬೆಳಿಗ್ಗೆ ಶಾಖೆಗೆ ಹೋಗಿ ಕಲಸಿದ ಹಿಟ್ಟು ತರುವುದು, ಮನೆಯಲ್ಲೇ ಲಟ್ಟಿಸಿ ಒಣಗಿಸುವುದು, ಮರುದಿನ ಒಪ್ಪಿಸುವುದು. ದುಡಿದ ಹಣ ಅವಳ ಕೈಗೇ ಬರುತ್ತದೆ. ಎಳೆಯ ಮಗುವಿದ್ದವಳೂ ಓದು ಬರಹ ಬಾರದವಳೂ ಇದನ್ನು ಮಾಡಬಲ್ಲಳು. ಅಲ್ಲಿ ಅವಳು ಕೂಲಿಯಾಳಲ್ಲ, ಸಂಸ್ಥೆಯ ಒಡತಿಯರಲ್ಲಿ ಒಬ್ಬಳು. ಇಂಥ ಸದಸ್ಯೆಯರು ಇಂದು ನಲವತ್ತು ಸಾವಿರಕ್ಕೂ ಹೆಚ್ಚು. (ಈ ಏರ್ಪಾಡು ಮನೆಗೆಲಸದ ಹೊರೆಯನ್ನು ಇಳಿಸಲಿಲ್ಲ, ಅದಕ್ಕೆ ಹೊಂದಿಕೊಂಡಿತು ಅಷ್ಟೇ. ಅಪ್ಪಂದಿರು ಗಮನಿಸಬೇಕು!)

ಹಾಗಾದರೆ ಓದಿದವಳಿಗೆ ದಾರಿ ಸುಲಭವೇ? ಕಿರಣ್ ಮಜುಂದಾರ್ ಅವರು ಆಸ್ಟ್ರೇಲಿಯಾದಲ್ಲಿ ಕಲಿತು ಬಂದು, 1978ರಲ್ಲಿ 10,000 ರೂಪಾಯಿ ಬಂಡವಾಳದಿಂದ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿದರು. ವಯಸ್ಸು 25, ಹೊಸ ಬಗೆಯ ಉದ್ಯಮ, ಮೇಲಾಗಿ ಹೆಣ್ಣು. ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು.

ಇಲ್ಲೇ ದೊಡ್ಡ ತೊಡಕಿರುವುದು. ಬ್ಯಾಂಕು ಸಾಲಕ್ಕೆ ಅಡಮಾನ ಕೇಳುತ್ತದೆ. ಅಡಮಾನಕ್ಕೆ ಆಸ್ತಿ ಬೇಕು. ಆಸ್ತಿ ಸಾಮಾನ್ಯವಾಗಿ ಗಂಡಸರ ಹೆಸರಿನಲ್ಲಿರುತ್ತದೆ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು ಅಡಮಾನವಿಲ್ಲದೆಯೇ ಬಡ ಹೆಂಗಸರಿಗೆ ಸಣ್ಣ ಸಾಲ ಕೊಟ್ಟು ಹೆಸರಾದದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ದೇಶದ ಕಾನೂನು ತಿದ್ದುಪಡಿಯಾದದ್ದು 2005ರಲ್ಲಿ. ಕರ್ನಾಟಕ 1994ರಲ್ಲೇ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿತ್ತು.

ವಿದ್ಯಾರ್ಥಿಗಳೇ, ನಿಮಗೊಂದು ಮನೆಪಾಠ. ಊರಿನಲ್ಲಿರುವ ನಿಮ್ಮ ಮನೆ, ತೋಟ, ನಿವೇಶನ ಯಾರ ಹೆಸರಿನಲ್ಲಿವೆ ಎಂದು ಕೇಳಿ ಬನ್ನಿ. ಅಜ್ಜಿಯ ಹೆಸರು, ಅತ್ತೆಯ ಹೆಸರು ಆ ಪತ್ರದಲ್ಲಿ ಇದೆಯೇ ಎಂದೂ ಕೇಳಿ.