ಪದವಿಯ ನಂತರ ಮುಂದೇನು? – ವಿದ್ಯಾರ್ಥಿಗಳು ಹಾಗೂ ಪಾಲಕರ ಗಮನಕ್ಕೆ

ನಮ್ಮ ವಿದ್ಯಾರ್ಥಿವೇತನ ಪಡೆಯುವವರಲ್ಲಿ ಅನೇಕರು ತಮ್ಮ ಮನೆಯ ಮೊದಲ ಪದವೀಧರರು. ಫಲಿತಾಂಶ ಬಂದ ದಿನ ಸಿಹಿ ಹಂಚಿದ ಮನೆಯಲ್ಲಿ ಮರುದಿನವೇ ‘ಮುಂದೇನು?’ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಉತ್ತರ ಹೇಳಬಲ್ಲವರು ಮನೆಯಲ್ಲಿ ಇರುವುದಿಲ್ಲ. ಗೆಳೆಯರು ಸೇರಿದ ಕೋರ್ಸಿಗೇ ಸೇರಿ ಎರಡು ವರ್ಷ ಕಳೆದ ಮೇಲೆ, ಬೇಕಾದ ಉದ್ಯೋಗಕ್ಕೆ ಬೇರೆಯೇ ಅರ್ಹತೆ ಬೇಕಿತ್ತೆಂದು ತಿಳಿದರೆ ನಷ್ಟ ಇಡೀ ಕುಟುಂಬಕ್ಕೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಈ ಕೋರ್ಸ್ ಯಾವ ಉದ್ಯೋಗಕ್ಕೆ ಒಯ್ಯುತ್ತದೆ?
2. ಸಂಪಾದನೆ ಆರಂಭವಾಗುವವರೆಗೆ ಮನೆಯವರು ಎಷ್ಟು ವರ್ಷ ಕಾಯಬಲ್ಲರು?
3. ಶುಲ್ಕ, ಹಾಸ್ಟೆಲ್, ಪುಸ್ತಕ, ಪ್ರಯಾಣ ಸೇರಿ ಒಟ್ಟು ಖರ್ಚೆಷ್ಟು?

ಬಿ.ಎ. ಮುಗಿಸಿದವರಿಗೆ

ಶಿಕ್ಷಕರಾಗುವ ಆಸೆ ಇದ್ದರೆ ಯಾವ ತರಗತಿಗೆ ಎಂಬುದನ್ನು ಮೊದಲು ನಿರ್ಧರಿಸಿ. ಪ್ರೌಢಶಾಲೆಗೆ ಎರಡು ವರ್ಷದ ಬಿ.ಎಡ್. ಬೇಕು. 6ರಿಂದ 8ನೇ ತರಗತಿಗೆ ಟಿಇಟಿಯಲ್ಲೂ ಅರ್ಹತೆ ಪಡೆದಿರಬೇಕು. ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳ ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತೆ ಬೇಕು. ಬರೀ ಎಂ.ಎ. ಸಾಲದು. ಕಾನೂನಿನಲ್ಲಿ ಆಸಕ್ತಿಯಿದ್ದರೆ ಯಾವ ವಿಷಯದ ಪದವೀಧರರೂ ಮೂರು ವರ್ಷದ ಎಲ್‌ಎಲ್.ಬಿ. ಸೇರಬಹುದು.

ಬಿ.ಕಾಂ. ಮುಗಿಸಿದವರಿಗೆ

ಪದವಿಯಲ್ಲಿ ಶೇ. 55 ಅಂಕ ಪಡೆದ ವಾಣಿಜ್ಯ ಪದವೀಧರರು ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಸಿ.ಎ. ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. ಎರಡು ವರ್ಷದ ಆರ್ಟಿಕಲ್‌ಶಿಪ್ ಅವಧಿಯಲ್ಲಿ ಸ್ಟೈಪೆಂಡ್ ಸಿಗುತ್ತದೆ. ಪರೀಕ್ಷೆ ಕಠಿಣ, ಕೆಲವು ಬಾರಿ ಬರೆಯಬೇಕಾಗಬಹುದು. ಅದಕ್ಕೆ ಮನೆಯವರೂ ಸಿದ್ಧರಿರಬೇಕು.

ಬಿ.ಎಸ್ಸಿ., ಬಿಸಿಎ ಮುಗಿಸಿದವರಿಗೆ

ರಾಜ್ಯದಲ್ಲಿ ಎಂಸಿಎ, ಎಂಬಿಎ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪಿಜಿಸಿಇಟಿ ನಡೆಸುತ್ತದೆ. ಐಐಟಿಗಳ ಎಂ.ಎಸ್ಸಿ.ಗೆ ಜ್ಯಾಮ್ ಪರೀಕ್ಷೆ ಇದೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ ಬರೆಯಬೇಕು. ಇವುಗಳ ಅರ್ಜಿ ಅಂತಿಮ ವರ್ಷ ಓದುತ್ತಿರುವಾಗಲೇ ಆರಂಭವಾಗುತ್ತದೆ. ಫಲಿತಾಂಶ ಬರಲಿ ಎಂದು ಕಾದವರು ಒಂದು ವರ್ಷ ಕಳೆದುಕೊಳ್ಳುತ್ತಾರೆ.

ಸ್ಪರ್ಧಾತ್ಮಕ ಪರೀಕ್ಷೆ

ಸಾಮಾನ್ಯ ವರ್ಗಕ್ಕೆ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ವಯೋಮಿತಿ 32, ಅವಕಾಶಗಳು 6. ಬ್ಯಾಂಕ್ ಕ್ಲರ್ಕ್ ಹುದ್ದೆಗೆ 28, ಪ್ರೊಬೇಷನರಿ ಅಧಿಕಾರಿ ಹುದ್ದೆಗೆ 30. ಎಷ್ಟು ವರ್ಷ ಪ್ರಯತ್ನಿಸುವುದೆಂದು ಮೊದಲೇ ನಿರ್ಧರಿಸಿ, ಜೊತೆಗೆ ಇನ್ನೊಂದು ದಾರಿಯನ್ನೂ ಇಟ್ಟುಕೊಳ್ಳಿ.

ಮನೆಗೆ ಕೂಡಲೇ ಸಂಪಾದನೆ ಬೇಕಿದ್ದರೆ

ಓದು ನಿಲ್ಲಿಸಲೇಬೇಕೆಂದಿಲ್ಲ. ಕೇಂದ್ರದ ಅಪ್ರೆಂಟಿಸ್ ಯೋಜನೆಯಲ್ಲಿ ಪದವೀಧರರಿಗೆ ಒಂದು ವರ್ಷ ಸ್ಟೈಪೆಂಡ್ ಸಹಿತ ತರಬೇತಿ ಸಿಗುತ್ತದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಸ್ನಾತಕೋತ್ತರ ಪದವಿ ಓದಬಹುದು. ಬಡ್ಡಿಯ ಸಾಲ ಬೇಡವೆನ್ನುವ ಕುಟುಂಬಗಳು ಸ್ಟೈಪೆಂಡ್ ಸಿಗುವ ದಾರಿಗಳನ್ನು ಮೊದಲು ಪರಿಶೀಲಿಸುವುದು ಒಳ್ಳೆಯದು.

ಹೆಣ್ಣುಮಕ್ಕಳ ಪಾಲಕರಲ್ಲಿ ಒಂದು ವಿನಂತಿ

ಊರಿನಲ್ಲಿ ಕೋರ್ಸ್ ಇಲ್ಲವೆಂಬ ಒಂದೇ ಕಾರಣಕ್ಕೆ ಮಗಳ ಓದು ನಿಲ್ಲಿಸಬೇಡಿ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗಳಿವೆ. ಒಮ್ಮೆ ಹೋಗಿ ನೋಡಿ, ಅಲ್ಲಿರುವ ಹುಡುಗಿಯರೊಂದಿಗೆ ಮಾತನಾಡಿ, ಆಮೇಲೆ ತೀರ್ಮಾನಿಸಿ.

ಎಚ್ಚರಿಕೆ

ಹಣ ಕಟ್ಟುವ ಮೊದಲು ಮಾನ್ಯತೆ ಪರಿಶೀಲಿಸಿ: ಬಿ.ಎಡ್.ಗೆ ಎನ್‌ಸಿಟಿಇ, ಕಾನೂನಿಗೆ ಬಾರ್ ಕೌನ್ಸಿಲ್, ಎಂಸಿಎಗೆ ಎಐಸಿಟಿಇ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಪ್ರಕಟಿಸುತ್ತದೆ. ಹಳೆಯ ಮಾಹಿತಿಯನ್ನೂ ನಂಬಬೇಡಿ. ಪಿಎಚ್.ಡಿ. ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದೆ. ಈಗಲೂ ಅದನ್ನೇ ನೆಚ್ಚಿಕೊಂಡು ಲೆಕ್ಕ ಹಾಕಿದರೆ ಓದು ಅರ್ಧಕ್ಕೆ ನಿಲ್ಲಬಹುದು.

ಅರ್ಜಿದಾರರು ಆರಿಸಿದ ಕೋರ್ಸ್, ಅದರ ನಂತರದ ಉದ್ಯೋಗ, ಒಟ್ಟು ಖರ್ಚು, ಮನೆಯಿಂದ ಹೊಂದಿಸಬಹುದಾದ ಮೊತ್ತ – ಇಷ್ಟನ್ನು ಅರ್ಧ ಪುಟದಲ್ಲಿ ಬರೆದು ಅರ್ಜಿಯೊಂದಿಗೆ ಲಗತ್ತಿಸಬೇಕಾಗಿ ಕೋರುತ್ತೇವೆ. ದಾನಿಗಳು ನೀಡಿದ ಪ್ರತಿ ರೂಪಾಯಿಯೂ ನಮ್ಮ ಬಳಿ ಇರುವ ಅಮಾನತ್ತು. ಅದು ಸರಿಯಾದ ಕೋರ್ಸಿಗೆ, ಸರಿಯಾದ ಸಮಯಕ್ಕೆ ತಲುಪಿದರೆ ಒಬ್ಬ ಪದವೀಧರನ ಹಿಂದೆ ಅವನ ತಮ್ಮ ತಂಗಿಯರ ಓದಿಗೂ ದಾರಿಯಾಗುತ್ತದೆ.