ತುಟಿಯ ಗುಳ್ಳೆಗೆ ಬೆಳಕಿನ ಕತ್ತರಿ

ಮಕ್ಕಳೇ, ಮೊದಲು ಒಂದು ಚಿಕ್ಕ ಪ್ರಯೋಗ ಮಾಡೋಣ. ಕನ್ನಡಿ ಮುಂದೆ ನಿಂತು, ಕೆಳತುಟಿಯನ್ನು ಹೊರಕ್ಕೆ ಮಡಚಿ, ಟಿಶ್ಯೂನಿಂದ ಒರೆಸಿ. ಸ್ವಲ್ಪ ಹೊತ್ತು ನೋಡ್ತಾ ಇರಿ. ಸಣ್ಣ ಸಣ್ಣ ಹನಿಗಳು ಮೂಡುತ್ತವೆ, ಅಲ್ವಾ? ಅದು ಜೊಲ್ಲು. ತುಟಿಯೊಳಗಿನ ಪುಟ್ಟ ಗ್ರಂಥಿಗಳಿಂದ ನಾಳಗಳ ಮೂಲಕ ಹೊರಬರುತ್ತದೆ.

ತುಟಿ ಕಚ್ಚಿಕೊಂಡಾಗ ಒಂದು ನಾಳ ಹರಿದುಹೋಗಬಹುದು. ಆಗ ಜೊಲ್ಲು ತುಟಿಯೊಳಗೇ ಸೇರಿಕೊಂಡು ಗುಳ್ಳೆಯಾಗುತ್ತದೆ. ಈ ಬಗೆಯ ಸಿಸ್ಟ್‌ಗೆ ಮ್ಯೂಕೋಸೀಲ್ ಎಂದು ಹೆಸರು.

ನನ್ನ ಮಗನಿಗೆ ಎಂಟು ವರ್ಷವಿದ್ದಾಗ ಇದು ಬಂದಿತ್ತು. ಬಟಾಣಿ ಕಾಳಿನಷ್ಟು ದಪ್ಪ, ತಿಳಿನೀಲಿ ಬಣ್ಣ. ಬೈತೀವಿ ಅಂತ ಹೆದರಿ ಅವನು ನಮಗೆ ಹೇಳಲೇ ಇಲ್ಲ. ತಾನೇ ಹಲ್ಲಿನಿಂದ ಒಡೆದುಕೊಂಡ. ಕೆಲವೇ ದಿನಗಳಲ್ಲಿ ಮತ್ತೆ ಬಂತು. ಯಾಕೆ? ಗುಳ್ಳೆ ಒಡೆದರೂ ಹರಿದ ನಾಳ, ಅದರ ಗ್ರಂಥಿ ಅಲ್ಲೇ ಇದ್ದವು. ಅದಕ್ಕೇ ಡಾಕ್ಟರು ಗುಳ್ಳೆಯ ಜೊತೆ ಗ್ರಂಥಿಯನ್ನೂ ತೆಗೆಯುತ್ತಾರೆ.

"ಲೇಸರ್‌ನಿಂದ ತೆಗೀತೀನಿ" ಅಂದರು ಡಾಕ್ಟರು. "ಸುಡುತ್ತಾ ಅಮ್ಮಾ?" ಅಂತ ಇವನು ನನ್ನ ಕೈ ಹಿಡಿದುಕೊಂಡ.

ಅದು ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ನಮ್ಮ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ಇದನ್ನು ಕಂಡುಹಿಡಿದರು. ಅವರು ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಈ ಲೇಸರ್‌ನ ಬೆಳಕು ಕಣ್ಣಿಗೆ ಕಾಣುವುದಿಲ್ಲ. ನೀರು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ನಮ್ಮ ತುಟಿಯಲ್ಲಿ ಹೆಚ್ಚಾಗಿ ಇರುವುದು ನೀರೇ! ಬೆಳಕು ಬಿದ್ದ ಜಾಗದಲ್ಲಿ ಆ ನೀರು ಕ್ಷಣದಲ್ಲಿ ಆವಿಯಾಗಿ, ಅಲ್ಲಿ ಕತ್ತರಿಸಿದಂತಾಗುತ್ತದೆ. ಶಾಖಕ್ಕೆ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಹಾಗಾಗಿ ರಕ್ತ ಕಡಿಮೆ. ಎಷ್ಟೋ ಸಲ ಹೊಲಿಗೆಯೂ ಬೇಡ.

ಆದರೆ ಲೇಸರ್ ಮಂತ್ರದಂಡವಲ್ಲ. ಮೊದಲು ಅರಿವಳಿಕೆ ಇಂಜೆಕ್ಷನ್ ಬೇಕೇ ಬೇಕು. ಕೋಣೆಯಲ್ಲಿರುವ ಎಲ್ಲರೂ ವಿಶೇಷ ಕನ್ನಡಕ ಹಾಕಿಕೊಳ್ಳಬೇಕು. ತೆಗೆದ ತುಂಡನ್ನು ಪರೀಕ್ಷೆಗೆ ಲ್ಯಾಬ್‌ಗೆ ಕಳಿಸುತ್ತಾರೆ. ದವಡೆ ಮೂಳೆಯ ಒಳಗಿನ ದೊಡ್ಡ ಸಿಸ್ಟ್‌ಗಳಿಗೆ ಲೇಸರ್ ಒಂದೇ ಸಾಲದು, ಬೇರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಇನ್ನು, ತುಟಿ ಕಚ್ಚುವ ಅಭ್ಯಾಸ ಬಿಡದಿದ್ದರೆ ಗುಳ್ಳೆ ಮತ್ತೆ ಬರಬಹುದು!

ನನ್ನ ಮಗ ಕೆಲವು ದಿನ ಖಾರ ಬಿಟ್ಟು ಮೊಸರನ್ನ ತಿಂದ. ತುಟಿ ವಾಸಿಯಾಯಿತು.

ಮಕ್ಕಳೇ, ಬಾಯಲ್ಲಿ ಗುಳ್ಳೆ ಕಂಡರೆ ಒಡೆಯಬೇಡಿ, ಮುಚ್ಚಿಡಬೇಡಿ. ಅಪ್ಪ ಅಮ್ಮನಿಗೆ ಹೇಳಿ. ಅಪ್ಪ ಅಮ್ಮಂದಿರೇ, ಎರಡು ವಾರವಾದರೂ ಹೋಗದ ಗುಳ್ಳೆಯನ್ನು ದಂತವೈದ್ಯರಿಗೆ ತೋರಿಸಿ. ಮಕ್ಕಳು ಹೇಳಿದಾಗ ಬೈಯಬೇಡಿ. ನಾನು ಕಲಿತ ಪಾಠ ಅದು.

ಹೊಸ ಪದಗಳು
ನಾಳ – ಸಣ್ಣ ಕೊಳವೆ
ಗ್ರಂಥಿ – ದೇಹಕ್ಕೆ ಬೇಕಾದ ರಸ ತಯಾರಿಸುವ ಭಾಗ
ಅರಿವಳಿಕೆ – ನೋವು ಗೊತ್ತಾಗದಂತೆ ಮಾಡುವ ಔಷಧಿ